ಶ್ರುತಿ ಕೊಡುವವರು ಯಾರು? ಕನ್ನಡ ಜನಪದ ಗಾಯನ ಮತ್ತು ಸಣ್ಣ ಶ್ರುತಿವಾದ್ಯಗಳು

ಜನಪದ ವಾದ್ಯಗಳನ್ನು ಕುರಿತ ಕನ್ನಡದ ಬರವಣಿಗೆ ಬಹುಮಟ್ಟಿಗೆ ದೊಡ್ಡ ಸದ್ದಿನ ಬೆನ್ನು ಹತ್ತಿದೆ. ಡೊಳ್ಳು, ತಮಟೆ, ನಗಾರಿ, ಚಂಡೆ, ಕೊಂಬು, ಕಹಳೆಗಳ ರಚನೆ, ಅವುಗಳನ್ನು ನುಡಿಸುವ ಸಮುದಾಯ, ಅವುಗಳಿಗೆ ಅಂಟಿಕೊಂಡ ಆಚರಣೆ ಇವೆಲ್ಲ ಸಾಕಷ್ಟು ವಿವರವಾಗಿ ದಾಖಲಾಗಿವೆ. ಹಾಡುವವರ ಮಗ್ಗುಲಲ್ಲಿ ಕುಳಿತು ಒಂದೇ ಒಂದು ಸ್ವರವನ್ನು ಹಿಡಿದು ಕೊಡುವ ಪುಂಗಿ, ಏಕತಾರಿ, ತುಂತುಣಿ, ಶ್ರುತಿಪೆಟ್ಟಿಗೆಗಳ ಪಾಲಿಗೆ ಬಂದದ್ದು ಮಾತ್ರ ಹೆಚ್ಚೆಂದರೆ ಒಂದು ಸಾಲು: ‘ಇದನ್ನು ಶ್ರುತಿಗಾಗಿ ಬಳಸುತ್ತಾರೆ.’ ಶ್ರುತಿಯನ್ನು ಕೊಡುವವರು ಯಾರು, ಯಾರ ಕಂಠವನ್ನು ಅಳೆದು ಕೊಡುತ್ತಾರೆ, ಕೊಟ್ಟದ್ದನ್ನು ನಡುವೆ ಬದಲಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಈ ಸಾಲಿನ ಅಡಿಯಲ್ಲೇ ಮುಚ್ಚಿಹೋಗಿವೆ. ಹಾಡಿಕೆಯ ಸಂದರ್ಭದಲ್ಲಿ ಯಜಮಾನಿಕೆ ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯಲು ಇವಕ್ಕಿಂತ ಹತ್ತಿರದ ಪ್ರಶ್ನೆಗಳು ಬೇರೆ ಇಲ್ಲ.

ಈ ಉಪೇಕ್ಷೆಗೆ ವಿಧಾನದ ಕಾರಣವೂ ಒಂದಿದೆ. ಹಾರ್ನ್‌ಬಾಸ್ಟೆಲ್ ಮತ್ತು ಕರ್ಟ್ ಸಾಕ್ಸ್ 1914ರಲ್ಲಿ ಪ್ರಕಟಿಸಿದ ವಾದ್ಯ ವರ್ಗೀಕರಣವು ನಾದ ಹುಟ್ಟುವ ಬಗೆಯನ್ನು ಆಧಾರವಾಗಿ ಇಟ್ಟುಕೊಂಡದ್ದು. ನಮ್ಮ ತತ, ಅವನದ್ಧ, ಘನ, ಸುಷಿರ ಎಂಬ ಹಳೆಯ ವಿಭಜನೆಯ ತರ್ಕವೂ ಬಹುಮಟ್ಟಿಗೆ ಅದೇ. ಈ ಕ್ರಮದಲ್ಲಿ ಹೋದರೆ ಏಕತಾರಿ ತಂತಿವಾದ್ಯಗಳ ಅಧ್ಯಾಯಕ್ಕೆ, ಪುಂಗಿ ಗಾಳಿವಾದ್ಯಗಳ ಅಧ್ಯಾಯಕ್ಕೆ ಹಂಚಿಹೋಗುತ್ತವೆ. ಶ್ರುತಿಪೆಟ್ಟಿಗೆಯೂ ಗಾಳಿವಾದ್ಯವೇ ಆದರೂ ಅದರ ಲೋಹದ ನಾಲಗೆಗೆ ಬೇರೆಯೇ ಒಂದು ಉಪವಿಭಾಗ. ಕೆಲಸ ಒಂದೇ ಆಗಿದ್ದರೂ ಈ ಮೂರೂ ಒಂದೇ ಪುಟದಲ್ಲಿ ಭೇಟಿಯಾಗುವುದಿಲ್ಲ. ತಂತಿಯ ಉದ್ದ, ಬುರುಡೆಯ ಸುತ್ತಳತೆ, ಬಿದಿರಿನ ಜಾತಿ ಎಲ್ಲ ಸಿಗುತ್ತವೆ. ಹಾಡು ಹೇಗೆ ಶುರುವಾಯಿತು ಎಂಬುದು ಸಿಗುವುದಿಲ್ಲ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ತೂಗುಹಾಕಿದ ಏಕತಾರಿಯ ತಂತಿ ಸಾಮಾನ್ಯವಾಗಿ ಸಡಿಲವಾಗಿರುತ್ತದೆ. ಅದನ್ನು ಬಿಗಿಯುವ ಬಿರಡೆಯೇ ಆ ವಾದ್ಯದ ಜೀವ ಎಂಬುದನ್ನು ಪಕ್ಕದ ಚೀಟಿ ಹೇಳುವುದಿಲ್ಲ.

ಶ್ರುತಿ ಎಂಬ ಮಾತಿನಲ್ಲಿ ಎರಡು ಕೆಲಸಗಳು ಬೆರೆತಿವೆ. ಹಾಡನ್ನು ಯಾವ ಎತ್ತರದಿಂದ ಎತ್ತಿಕೊಳ್ಳಬೇಕು ಎಂಬುದನ್ನು ಸೂಚಿಸುವುದು ಒಂದು. ಹಾಡಿನುದ್ದಕ್ಕೂ ಆ ಸ್ವರವನ್ನು ಬೆನ್ನ ಹಿಂದೆ ಹಿಡಿದಿರುವುದು ಇನ್ನೊಂದು. ಮೊದಲನೆಯದನ್ನು ಎತ್ತುಗಡೆಯ ಶ್ರುತಿ ಎಂದೂ ಎರಡನೆಯದನ್ನು ಹಿನ್ನೆಲೆಯ ಶ್ರುತಿ ಎಂದೂ ಕರೆಯಬಹುದು. ಪಾಶ್ಚಾತ್ಯ ದೇಶಗಳಲ್ಲಿ ಇವು ಬೇರೆ ಬೇರೆಯಾಗಿಯೇ ಬೆಳೆದವು. ಇಂಗ್ಲೆಂಡಿನ ಜಾನ್ ಶೋರ್ 1711ರಲ್ಲಿ ರೂಪಿಸಿದನೆನ್ನಲಾದ ಶ್ರುತಿಕವೆಯಾಗಲಿ, ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಹಳ್ಳಿಯ ಚರ್ಚುಗಳಲ್ಲಿ ಕೀರ್ತನೆ ಹಾಡಿಸುವವರು ಬಳಸುತ್ತಿದ್ದ ಮರದ ಪಿಚ್ ಪೈಪ್ ಆಗಲಿ ಒಮ್ಮೆ ದನಿ ಕೊಟ್ಟು ಸುಮ್ಮನಾಗುವಂಥವು. ಪಿಚ್ ಪೈಪ್ ಎಂದರೆ ಒಳಗೆ ಜಾರುವ ಬೆಣೆಯಿರುವ ಒಂದು ಚೌಕಾಕಾರದ ಸಿಳ್ಳು. ಬೆಣೆಯನ್ನು ಬೇಕಾದ ಗೆರೆಗೆ ಎಳೆದು ಊದಿದರೆ ಆ ಸ್ವರ ಬರುತ್ತದೆ. ಗುಂಪು ಅದನ್ನು ಹಿಡಿದ ಮೇಲೆ ಅದು ಜೇಬಿಗೆ ಹೋಗುತ್ತದೆ. ಹಲವು ಸ್ವರಗಳು ಏಕಕಾಲಕ್ಕೆ ಚಲಿಸುವ ಆ ಸಂಗೀತಕ್ಕೆ ಅಷ್ಟು ಸಾಕು, ಅಷ್ಟೇ ಬೇಕು. ಹಿಂದೆ ಒಂದೇ ಸ್ವರ ನಿಂತಿದ್ದರೆ ಸ್ವರಮೇಳಕ್ಕೆ ಅಡ್ಡಿ. 1939ರ ಲಂಡನ್ ಸಮ್ಮೇಳನವು ಒಂದು ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂದು ನಿಗದಿ ಮಾಡಿದ್ದು ಇದೇ ದಾರಿಯ ಮುಂದುವರಿಕೆ. ಅಲ್ಲಿ ಎತ್ತುಗಡೆಯ ಸ್ವರ ಹಾಡುವವರ ಹೊರಗೆ, ಎಲ್ಲರಿಗೂ ಸಮಾನವಾಗಿ ಇದೆ.

ಕನ್ನಡ ಜನಪದ ಗಾಯನದಲ್ಲಿ ಅಂಥ ಹೊರಗಿನ ಅಳತೆ ಇರಲಿಲ್ಲ. ಷಡ್ಜವೆಂಬುದು ಹಾಡುವವರ ಕೊರಳಿನಲ್ಲಿದೆ. ವಾದ್ಯವು ಅದನ್ನು ಹಿಂಬಾಲಿಸುತ್ತದೆ. ಇದಕ್ಕೆ ಭಾಷೆಯೇ ಸಾಕ್ಷಿ. ಹಳ್ಳಿಗರ ಮಾತಿನಲ್ಲಿ ದನಿ ಏರಿಸು, ದನಿ ಇಳಿಸು, ದನಿಗೂಡಿಸು, ಸೊಲ್ಲೆತ್ತು ಎಂಬ ಮಾತುಗಳಿವೆ. ಇವೆಲ್ಲ ಒಬ್ಬರ ದನಿಗೆ ಇನ್ನೊಬ್ಬರ ದನಿಯನ್ನು ಹೋಲಿಸುವ, ಒಬ್ಬರನ್ನು ಇನ್ನೊಬ್ಬರು ಸೇರುವ ಕ್ರಿಯೆಗಳು. ಸ್ವರದ ಎತ್ತರಕ್ಕೆ ಹೆಸರು ಹುಟ್ಟಿದ್ದು ಹಾರ್ಮೋನಿಯಂ ಬಂದ ಮೇಲೆ. ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂಬ ಹಿಮ್ಮೇಳದ ಪರಿಭಾಷೆ, ‘ಒಂದೂವರೆ ಮನೆ’, ‘ಐದು ಮನೆ’ ಎಂಬ ಸಂಗೀತ ಕಛೇರಿಯ ಪರಿಭಾಷೆ ಎರಡೂ ಆ ಪೆಟ್ಟಿಗೆಯ ಮೇಲಿನ ಪಟ್ಟಿಗಳನ್ನು ಎಣಿಸಿ ಮಾಡಿಕೊಂಡವು. ಪೆಟ್ಟಿಗೆ ಬರುವ ಮುನ್ನವೂ ಹಾಡುವವರು ಏರುತ್ತಿದ್ದರು, ಇಳಿಯುತ್ತಿದ್ದರು; ಆದರೆ ಎಲ್ಲಿಂದ ಎಲ್ಲಿಗೆ ಎಂದು ಅಂಕಿಯಲ್ಲಿ ಹೇಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ತತ್ವಪದಕಾರರ ಏಕತಾರಿಯನ್ನು ಮೊದಲು ನೋಡಬಹುದು. ಒಂದು ಬುರುಡೆ ಅಥವಾ ಮರದ ಕೊಡ, ಒಂದು ಬಿದಿರ ಗಳು, ಒಂದು ತಂತಿ, ಒಂದು ಬಿರಡೆ. ಊರ ಬಡಗಿ ಮಾಡಿಕೊಡಬಲ್ಲ ವಸ್ತು. ಹರಿದಾಸರ ದಂಡಿಗೆ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ ಇವೆಲ್ಲ ಇದೇ ಬಳಗಕ್ಕೆ ಸೇರಿದವು. ಏಕತಾರಿಯ ಮುಖ್ಯ ಲಕ್ಷಣವೆಂದರೆ ಅದು ಹಾಡುವವನ ಕೈಯಲ್ಲೇ ಇರುವುದು. ದಮ್ಮಡಿ, ತಾಳಗಳು ಪಕ್ಕದವರ ಕೈಯಲ್ಲಿರಬಹುದು, ತಂತಿ ಮಾತ್ರ ಪದ ಎತ್ತುವವನದು. ಅಮಾವಾಸ್ಯೆಯ ರಾತ್ರಿ ಗದ್ದುಗೆಯ ಮುಂದೆ ಭಜನೆ ಕೂತಾಗ ಒಬ್ಬರಾದ ಮೇಲೆ ಒಬ್ಬರು ಹಾಡುವ ರೂಢಿಯಿದೆ. ಆಗ ಏಕತಾರಿ ಕೈಯಿಂದ ಕೈಗೆ ದಾಟುತ್ತದೆ, ದಾಟಿದಾಗ ಬಿರಡೆ ತಿರುಗುತ್ತದೆ. ಹಿಂದಿನವನ ಶ್ರುತಿಯಲ್ಲಿ ಮುಂದಿನವನು ಹಾಡಬೇಕೆಂಬ ಕಟ್ಟುಪಾಡಿಲ್ಲ. ವಯಸ್ಸಾದವನು ಇಳಿಸಿಕೊಳ್ಳುತ್ತಾನೆ, ಎಳೆಯ ಕಂಠದವನು ಏರಿಸಿಕೊಳ್ಳುತ್ತಾನೆ. ಹಿಮ್ಮೇಳದವರು ಪ್ರತಿ ಸಲವೂ ಹೊಸದಾಗಿ ದನಿಗೂಡಿಸುತ್ತಾರೆ. ಗುರುವಿನ ಯಜಮಾನಿಕೆಯನ್ನು ಅಷ್ಟು ಒತ್ತಿ ಹೇಳುವ ಪಂಥದಲ್ಲಿ ಶ್ರುತಿಯ ಯಜಮಾನಿಕೆ ಮಾತ್ರ ಹೀಗೆ ಸರದಿಯ ಮೇಲೆ ಹಂಚಿಹೋಗುವುದು ವಿಚಾರಮಾಡಬೇಕಾದ ಸಂಗತಿ.

ಶಿಶುನಾಳ ಶರೀಫರ (1819–1889) ಪದಗಳು ನಗರಗಳನ್ನು ತಲುಪಿದ ಬಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಿ. ಅಶ್ವತ್ಥ್ (1939–2009) ಅವರ ಕಂಠವಿಲ್ಲದಿದ್ದರೆ ಈ ಪದಗಳು ಇಷ್ಟು ಮನೆಗಳನ್ನು ಹೊಗುತ್ತಿರಲಿಲ್ಲ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದ ಸಂಗೀತವೂ ಅವರದೇ. ಆ ಕೊಡುಗೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಸುಗಮ ಸಂಗೀತದ ವೇದಿಕೆಗೆ ಬಂದ ಕೂಡಲೇ ಏಕತಾರಿಯ ಕೆಲಸ ಬದಲಾಯಿತು. ಎತ್ತುಗಡೆ ಕೀಬೋರ್ಡಿಗೆ ಹೋಯಿತು; ಏಕತಾರಿ ಧ್ವನಿಸುರುಳಿಗಳ ಹೊದಿಕೆಯ ಮೇಲಿನ ಚಿತ್ರವಾಯಿತು, ವೇದಿಕೆಯ ಹಿಂಬದಿಯ ಅಲಂಕಾರವಾಯಿತು. ಶ್ರುತಿವಾದ್ಯವೊಂದು ಸಂಕೇತವಾಗುವುದೆಂದರೆ ಇದೇ: ಕಣ್ಣಿಗೆ ಕಾಣುತ್ತದೆ, ಯಾರೂ ಅದಕ್ಕೆ ಕಿವಿಗೊಟ್ಟು ಹಾಡುವುದಿಲ್ಲ. ಇದಾದ ಮೇಲೆ ಹಳ್ಳಿಯ ಭಜನಾ ಮೇಳಗಳೂ ಕ್ಯಾಸೆಟ್ಟಿನಲ್ಲಿ ಕೇಳಿದ ಎತ್ತರದಲ್ಲೇ ಶರೀಫರ ಪದ ಎತ್ತಲು ಹೋಗಿ ಪಲ್ಲವಿಯಲ್ಲೇ ದಣಿಯುವುದನ್ನು ಯಾವ ಭಜನೆಯಲ್ಲಾದರೂ ಕೇಳಬಹುದು. ಒಬ್ಬ ಗಾಯಕನ ಅಪರೂಪದ ಕಂಠಕ್ಕೆ ಹೊಂದಿದ ಶ್ರುತಿ ಎಲ್ಲರಿಗೂ ಮಾದರಿಯಾದಾಗ ಇದಲ್ಲದೆ ಬೇರೇನೂ ಆಗುವಂತಿಲ್ಲ.

ಚೌಡಿಕೆಯ ವಿಷಯ ಇನ್ನೂ ಜಟಿಲ. ರೇಣುಕೆ ಯಲ್ಲಮ್ಮನ ಪದ ಹಾಡುವ ಜೋಗತಿಯರ ಈ ವಾದ್ಯದಲ್ಲಿ ಒಂದು ಬದಿ ಚರ್ಮ ಬಿಗಿದ ಕೊಳಗವಿದೆ. ಚರ್ಮದ ನಡುವಿನಿಂದ ಹೊರಟ ನರದ ತಂತಿಯ ಇನ್ನೊಂದು ತುದಿ ಹಾಡುವವರ ಕೈಯಲ್ಲಿನ ಮರದ ತುಂಡಿಗೆ ಕಟ್ಟಿರುತ್ತದೆ. ಕೊಳಗ ಕಂಕುಳಲ್ಲಿ, ತಂತಿ ಮುಷ್ಟಿಯಲ್ಲಿ. ಬಿರಡೆ ಇಲ್ಲ. ಎಳೆದಷ್ಟು ದನಿ ಏರುತ್ತದೆ, ಸಡಿಲಿಸಿದಷ್ಟು ಇಳಿಯುತ್ತದೆ. ಗೊಂದಲಿಗರ ತುಂತುಣಿಯಲ್ಲಿ ತಂತಿ ಗಳುವಿನ ಬಿರಡೆಗೆ ಕಟ್ಟಿರುವುದರಿಂದ ಸ್ವರ ನಿಲ್ಲುತ್ತದೆ. ಚೌಡಿಕೆಯಲ್ಲಿ ಅದು ನಿಲ್ಲುವುದೇ ಇಲ್ಲ. ತಾಳದ ಪೆಟ್ಟು, ಶ್ರುತಿಯ ಸೂಚನೆ, ನುಡಿಯ ಕೊನೆಯ ಎಳೆತ ಮೂರೂ ಒಂದೇ ತಂತಿಯಲ್ಲಿವೆ. ಪದ ಎತ್ತುವ ಮುನ್ನ ಹಾಡುವವರು ಎರಡು ಸಲ ತಂತಿ ಮಿಡಿದು, ಮುಷ್ಟಿ ಬಿಗಿದು, ತಮ್ಮ ಕೊರಳಿಗೆ ಒಪ್ಪುವ ಎಳೆತವನ್ನು ಕಂಡುಕೊಳ್ಳುತ್ತಾರೆ. ಈ ಶ್ರುತಿಯ ನೆನಪು ಇರುವುದು ಕಿವಿಯಲ್ಲಿ ಎಷ್ಟೋ ತೋಳಿನ ಸ್ನಾಯುವಿನಲ್ಲೂ ಅಷ್ಟೇ.

ಇಂಥ ವಾದ್ಯದ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟಾಗ ಆಗುವುದೇನು? ಪೆಟ್ಟಿಗೆಯ ಸ್ವರ ಕದಲುವುದಿಲ್ಲ, ಚೌಡಿಕೆಯದು ಕದಲದೆ ಇರುವುದಿಲ್ಲ. ಎರಡರಲ್ಲಿ ಒಂದು ತಪ್ಪು ಎನ್ನಬೇಕಾಗಿ ಬಂದಾಗ ತಪ್ಪಿನ ಹೊಣೆ ಯಾವಾಗಲೂ ಚೌಡಿಕೆಯ ಮೇಲೆ ಬೀಳುತ್ತದೆ. ಸ್ಪರ್ಧೆ, ಯುವಜನೋತ್ಸವ, ಉತ್ಸವಗಳ ವೇದಿಕೆಗಳಲ್ಲಿ ‘ಶ್ರುತಿಬದ್ಧತೆ’ಗೆ ಅಂಕ ಇಡುವ ಪದ್ಧತಿ ಬಂದ ಮೇಲೆ ಇದು ತೀರ್ಪೂ ಆಯಿತು. ಚೌಡಿಕೆಯವರು ತಂತಿಯನ್ನು ಎಳೆಯದೆ ಬರಿಯ ತಾಳಕ್ಕೆ ಮಿಡಿಯತೊಡಗುತ್ತಾರೆ. ಅವರ ಪಾಲಿನ ಎತ್ತುಗಡೆಯನ್ನು ವೇದಿಕೆಯ ಹಾರ್ಮೋನಿಯಂ ವಾದಕ ಮಾಡುತ್ತಾನೆ. ಅವನು ಬಹುಮಟ್ಟಿಗೆ ಗಂಡಸು, ನಾಟಕದ ಇಲ್ಲವೆ ಭಜನೆಯ ಅನುಭವದವನು. ತನ್ನ ಕೈಗೆ ಒಗ್ಗಿದ ಪಟ್ಟಿಯಿಂದ ಶುರುಮಾಡುತ್ತಾನೆ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಪರಂಪರೆಗೆ ಸಂದ ದೊಡ್ಡ ಮನ್ನಣೆ. ಕಲಾವಿದರಿಗೆ ಸಂದ ಮನ್ನಣೆ ಅವರ ವಾದ್ಯದ ತರ್ಕಕ್ಕೂ ಸಲ್ಲಬೇಕಾದರೆ ಅಂಕಪಟ್ಟಿಯ ಆ ಒಂದು ಕಲಮನ್ನಾದರೂ ತಿದ್ದಬೇಕಾಗುತ್ತದೆ.

ಹಾರ್ಮೋನಿಯಂ ಮೇಲಿನ ಆಕ್ಷೇಪ ಹೊಸದಲ್ಲ. 1842ರಲ್ಲಿ ಪ್ಯಾರಿಸ್ಸಿನ ದೆಬ್ಯಾಂ ಹಕ್ಕುಸ್ವಾಮ್ಯ ಪಡೆದ ಈ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ರೂಢಿಗೆ ತಂದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಪ್ರಮುಖರು. ಕಂಪನಿ ನಾಟಕಗಳ ಮೂಲಕ ಅದು ಕನ್ನಡ ನಾಡಿನ ಊರೂರಿಗೆ ಹಬ್ಬಿತು. ಪಟ್ಟಿಗಳನ್ನೆಲ್ಲ ತೆಗೆದು ತಿದಿ ಮತ್ತು ಕೆಲವೇ ನಾಲಗೆಗಳನ್ನು ಉಳಿಸಿಕೊಂಡರೆ ಅದೇ ಶ್ರುತಿಪೆಟ್ಟಿಗೆ. ಕುಮಾರವ್ಯಾಸ ಭಾರತವನ್ನು ವಾಚಿಸುವ ಗಮಕಿಗಳಿಗೆ ಎಷ್ಟೋ ಕಾಲ ಇದೊಂದೇ ಸಂಗಾತಿಯಾಗಿತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಸ್ವರಗಳ ನಡುವಿನ ಜಾರು, ಗಮಕಗಳನ್ನು ಅದು ನುಡಿಸಲಾರದು, ಅದರ ಸಮಭಾಗದ ಸ್ವರಾಂತರಗಳು ನಮ್ಮ ರಾಗಗಳಿಗೆ ಒಗ್ಗುವುದಿಲ್ಲ ಎಂಬುದು ವಾದವಾಗಿತ್ತು. ಆ ಚರ್ಚೆಯ ಕೇಂದ್ರದಲ್ಲಿ ಇದ್ದುದು ಶಾಸ್ತ್ರೀಯ ಸಂಗೀತ. ಜನಪದ ಗಾಯನದ ಕಡೆಯಿಂದ ನೋಡಿದರೆ ಆಕ್ಷೇಪ ಸ್ವರಾಂತರದ್ದಲ್ಲ, ಹಕ್ಕಿನದು: ಎತ್ತುಗಡೆ ಹಾಡುವವರ ಕೈ ತಪ್ಪಿತೇ ಇಲ್ಲವೇ ಎಂಬುದು. ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳಲ್ಲಿ ಹಾರ್ಮೋನಿಯಂ ಆಟದ ಬೆನ್ನೆಲುಬೇ ಆಗಿಹೋಗಿದೆ. ಅಲ್ಲಿ ಅದನ್ನು ಪರಕೀಯ ಎನ್ನುವುದು ವಿತಂಡವಾದೀತು. ಹಾರ್ಮೋನಿಯಂ ದೇಸಿಯೋ ಅಲ್ಲವೋ ಎಂಬ ಹಳೆಯ ಜಗಳದಲ್ಲಿ ಈ ವ್ಯತ್ಯಾಸವೇ ಮರೆತುಹೋಯಿತು.

ಯಕ್ಷಗಾನದ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಹಿಮ್ಮೇಳದಲ್ಲಿ ಭಾಗವತ, ಮದ್ದಳೆಗಾರ, ಚಂಡೆಗಾರರ ಜೊತೆಗೆ ಹಿಂದೆ ಪುಂಗಿಯವನೊಬ್ಬ ಇರುತ್ತಿದ್ದ. ಹಾವಾಡಿಗರ ಪುಂಗಿಯ ಬಳಗದ್ದೇ ಆದ ಇದರಲ್ಲಿ ಒಣಗಿದ ಸೋರೆಬುರುಡೆ ಗಾಳಿಯ ಕೋಶ. ಅದಕ್ಕೆ ಮೇಣದಿಂದ ಅಂಟಿಸಿದ ಕೊಳವೆಯೊಳಗೆ ಕಂಪಿಸುವ ಸೀಳುನಾಲಗೆ. ರಾಗ ನುಡಿಸುವ ಕೆಲಸ ಇದಕ್ಕಿಲ್ಲ, ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಿಂದ ಉಸಿರೆಳೆಯುತ್ತ ಎಡೆಬಿಡದೆ ಊದಬೇಕು. ಸಭೆಯಲ್ಲಿ ಯಾರೂ ಅವನನ್ನು ಗಮನಿಸುವುದಿಲ್ಲ. ಕನ್ನಡ ಆಡುಮಾತು ‘ಪುಂಗಿ ಊದುವುದು’ ಎಂಬುದನ್ನು ಗೇಲಿಯ ಮಾತಾಗಿಸಿಕೊಂಡಿದೆ; ಒಂದೇ ರಾಗ ಹಾಡುವವನನ್ನು ಹೀಗಳೆಯುವ ಸಮಾಜಕ್ಕೆ ಒಂದೇ ಸ್ವರ ಹಿಡಿಯುವವನು ಲೆಕ್ಕಕ್ಕೆ ಬರುವುದಾದರೂ ಹೇಗೆ?

ಆದರೂ ಪುಂಗಿಯವನ ಈ ಕೆಳಗಿನ ಸ್ಥಾನದಲ್ಲೇ ಯಕ್ಷಗಾನದ ಶ್ರುತಿವ್ಯವಸ್ಥೆಯ ಗುಟ್ಟಿದೆ. ಭಾಗವತನೇ ಒಂದನೇ ವೇಷ ಎಂಬುದು ಮೇಳಗಳ ಹಳೆಯ ಮಾತು. ಶ್ರುತಿ ಅವನದು, ಪುಂಗಿ ಅವನ ಆಳು, ಮದ್ದಳೆ ಅವನ ಕೊರಳಿಗೆ ಹೊಂದಬೇಕು. ಬಯಲಿನ ರಾತ್ರಿಯಲ್ಲಿ ಈ ಹೊಂದಾಣಿಕೆ ಒಮ್ಮೆ ಮಾಡಿ ಬಿಡುವಂಥದ್ದಲ್ಲ. ಇಬ್ಬನಿ ಬಿದ್ದಂತೆ ಮದ್ದಳೆಯ ಚರ್ಮ ಸಡಿಲುತ್ತದೆ, ಉಸಿರಿನ ತೇವಕ್ಕೆ ಪುಂಗಿಯ ನಾಲಗೆಯೂ ದನಿ ಬದಲಿಸುತ್ತದೆ. ನಾಲಗೆಗೆ ಚೂರು ಮೇಣ ಮೆತ್ತುವುದು, ಮದ್ದಳೆಯ ಅಂಚಿಗೆ ಎರಡು ಪೆಟ್ಟು ಕೊಡುವುದು ನಡೆದೇ ಇರುತ್ತದೆ. ಈ ಎರಡು ಕದಲುವ ವಸ್ತುಗಳ ನಡುವೆ ಭಾಗವತನ ಕಿವಿ ಮಧ್ಯಸ್ಥ. ಇಲ್ಲಿ ಶ್ರುತಿಯೆಂದರೆ ರಾತ್ರಿಯಿಡೀ ನಡೆಯುವ ಒಪ್ಪಂದ.

ಹಾರ್ಮೋನಿಯಂ ಬಂದು ಪುಂಗಿ ಮೂಲೆಗೆ ಸರಿದಾಗ ಆದ ಬದಲಾವಣೆಯನ್ನು ನಷ್ಟ ಎಂದಷ್ಟೇ ಬರೆಯುವುದು ವಾಡಿಕೆ. ಅದು ಅರ್ಧ ಸತ್ಯ. ಯಕ್ಷಗಾನದಲ್ಲಿ ಹಾರ್ಮೋನಿಯಂ ರಾಗ ನುಡಿಸಲಿಲ್ಲ, ಶ್ರುತಿಯ ಒಂದೆರಡು ಪಟ್ಟಿಗಳನ್ನು ಒತ್ತಿ ಹಿಡಿದು ತಿದಿ ಹಾಕಿದ್ದಷ್ಟೇ. ಪುಂಗಿಗೆ ಒಂದೇ ಸ್ವರ. ಪೆಟ್ಟಿಗೆಯಲ್ಲಿ ಭಾಗವತನಿಗೆ ಆಯ್ಕೆಯಿತ್ತು. ಮುಂಜಾವಿನ ವೀರ ಪ್ರಸಂಗಕ್ಕೆ ಏರಿಸಿಕೊಳ್ಳಬಹುದು, ಇನ್ನೊಬ್ಬ ಭಾಗವತ ಬಂದು ಕೂತಾಗ ಇಳಿಸಿಕೊಳ್ಳಬಹುದು. ಮೇಲಾಗಿ ಒಬ್ಬ ಮನುಷ್ಯನ ಶ್ವಾಸಕೋಶಕ್ಕೆ ಬಿಡುಗಡೆ ಸಿಕ್ಕಿತು. ಇದನ್ನು ಮರೆತು ಪುಂಗಿಯ ನಾದಕ್ಕಾಗಿ ಹಂಬಲಿಸುವವರು ಅದನ್ನು ಇಡೀ ರಾತ್ರಿ ಊದಬೇಕಾದವನ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಎತ್ತುಗಡೆಯ ಹಕ್ಕು ಇಲ್ಲಿ ಭಾಗವತನ ಕೈ ಬಿಡಲಿಲ್ಲ, ಇನ್ನಷ್ಟು ಬಲವಾಯಿತು. ಚೌಡಿಕೆಗೂ ಯಕ್ಷಗಾನಕ್ಕೂ ಇರುವ ವ್ಯತ್ಯಾಸ ಇದು. ಅದೇ ಪೆಟ್ಟಿಗೆ ಒಂದು ಕಡೆ ಹಾಡುವವರ ಅಧಿಕಾರವನ್ನು ಕಸಿಯಿತು, ಇನ್ನೊಂದು ಕಡೆ ಹೆಚ್ಚಿಸಿತು.

ಹೆಚ್ಚಿದ ಅಧಿಕಾರಕ್ಕೆ ಬೆಲೆ ತೆತ್ತವರೂ ಇದ್ದಾರೆ. ಭಾಗವತರ ಶ್ರುತಿ ಏರಿದಂತೆ ಮದ್ದಳೆಯೂ ಏರಬೇಕಾಯಿತು. ಏರುಮದ್ದಳೆಯನ್ನು ಬಳಕೆಗೆ ತಂದವರೆಂದು ಹೆಸರಾದ ಹಿರಿಯಡಕ ಗೋಪಾಲರಾಯರ (1919–2020) ಸಾಧನೆಯನ್ನು ಕೈಚಳಕದ ದೃಷ್ಟಿಯಿಂದ ಹೊಗಳಲಾಗಿದೆ. ಶ್ರುತಿಯ ಇತಿಹಾಸದ ದೃಷ್ಟಿಯಿಂದಲೂ ಅದನ್ನು ಓದಬೇಕು. ಚರ್ಮವನ್ನು ಎಷ್ಟು ಬಿಗಿಯಬಹುದು, ಬಿಗಿದ ಮೇಲೆ ಬೆರಳು ಎಷ್ಟು ತಡೆಯಬಹುದು ಎಂಬ ಮಿತಿಗಳ ಮೇಲೆ ನಡೆದ ಕೆಲಸವದು. ಇನ್ನೊಂದು ಕಡೆ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ಅವರ ‘ಯಕ್ಷಗಾನ ಬಯಲಾಟ’ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಯಕ್ಷಗಾನದ ರಾಗ, ಹಾಡುಗಾರಿಕೆಗಳನ್ನು ಅಷ್ಟು ಗಂಭೀರವಾಗಿ ವಿವೇಚಿಸಿದವರು ಅವರಿಗಿಂತ ಹಿಂದೆ ವಿರಳ. ಆದರೂ ಆ ಪ್ರಯೋಗಗಳನ್ನು ಕುರಿತ ಪರ ವಿರೋಧದ ಬರಹಗಳು ಹೊಸ ವಾದ್ಯಗಳು ಯಕ್ಷಗಾನಕ್ಕೆ ಸಲ್ಲುತ್ತವೆಯೇ ಎಂಬಲ್ಲಿಗೆ ನಿಂತವು. ರಾಗವನ್ನು ನೆರಳಿನಂತೆ ಹಿಂಬಾಲಿಸುವ ವಾದ್ಯವೊಂದು ಬಂದಾಗ ಒಂದೇ ಸ್ವರ ಹಿಡಿಯುವ ವಾದ್ಯದ ಗತಿಯೇನು, ಭಾಗವತ ಯಾವುದಕ್ಕೆ ಕಿವಿಗೊಡುತ್ತಾನೆ ಎಂದು ಕೇಳಿದವರು ಕಡಿಮೆ. ಮೂಡಲಪಾಯದಲ್ಲಿ ಮುಖವೀಣೆ ಹಿಂದಿನಿಂದಲೂ ಎರಡೂ ಕೆಲಸ ಮಾಡಿಕೊಂಡು ಬಂದಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಆ ವಾಗ್ವಾದ ಬೇರೆಯೇ ಆಗುತ್ತಿತ್ತು.

ಈಗಿನ ಹಿಮ್ಮೇಳಗಳಲ್ಲಿ ಹಾರ್ಮೋನಿಯಂ ಕೂಡ ಹಿಂದೆ ಸರಿದಿದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದ ಮೇಲೆ ಶಾಸ್ತ್ರೀಯ ಸಂಗೀತದಲ್ಲಿ ಹರಡಿದ ಯಂತ್ರಶ್ರುತಿ ಕ್ರಮೇಣ ಬಯಲಾಟ, ಭಜನೆ, ಹರಿಕಥೆಗಳಿಗೂ ಬಂತು. ಇತ್ತೀಚೆಗೆ ಮೊಬೈಲ್ ಫೋನೇ ಆ ಕೆಲಸ ಮಾಡುತ್ತಿದೆ. ತಿರುಗುಗುಂಡಿ ತಿರುವಿದರೆ ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಏರಿಸಿ ಇಳಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. ಪಟ್ಟಿಗಳ ನಡುವಿನ ಸ್ವರವೂ ಮತ್ತೆ ಸಿಕ್ಕಿತು. ಆ ಮಟ್ಟಿಗೆ ಯಂತ್ರವು ಹಾರ್ಮೋನಿಯಮ್ಮಿಗಿಂತ ಏಕತಾರಿಗೆ ಹತ್ತಿರ. ಆದರೆ ಇದು ಇಬ್ಬನಿಗೆ ಜಗ್ಗುವುದಿಲ್ಲ, ದಣಿಯುವುದಿಲ್ಲ, ಎದುರು ಕೂತವರ ಮುಖ ನೋಡುವುದಿಲ್ಲ. ಚರ್ಮವೊಂದೇ ಕದಲುವುದರಿಂದ ತಿದ್ದಿಕೊಳ್ಳುವ ಹೊಣೆಯೆಲ್ಲ ಮದ್ದಳೆಗಾರನದಾಯಿತು. ಪುಂಗಿ ಊದುತ್ತ, ತಿದಿ ಹಾಕುತ್ತ ಹಿಮ್ಮೇಳದ ಹಿಂದೆ ರಾತ್ರಿಗಟ್ಟಲೆ ಕೂತು ಪ್ರಸಂಗಗಳನ್ನು ಕಿವಿಯಲ್ಲೇ ಕಲಿಯಲು ಹೊಸಬರಿಗೆ ಇದ್ದ ಒಂದು ಜಾಗವೂ ಹೋಯಿತು. ಯಂತ್ರಶ್ರುತಿಯ ಲಾಭನಷ್ಟದ ಲೆಕ್ಕದಲ್ಲಿ ನಾದದ ಗುಣಕ್ಕಿಂತ ಈ ಖಾಲಿ ಜಾಗವೇ ಹೆಚ್ಚು ತೂಗುತ್ತದೆ.

ಹೆಂಗಸರ ಹಾಡುಗಳಿಗೆ ಬಂದರೆ ಶ್ರುತಿವಾದ್ಯವೇ ಇಲ್ಲ. ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲೆತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಬೀಸುವ ಕಲ್ಲಿನ ಗುಂಯ್‌ಗುಟ್ಟುವಿಕೆಗೆ ಖಚಿತವಾದ ಸ್ವರವಿಲ್ಲದಿದ್ದರೂ ಹಾಡಿಗೆ ಒಂದು ನೆಲಗಟ್ಟನ್ನು ಅದು ಕೊಡುತ್ತಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದ ನಿಂತಿತು ಎಂದು ಬರೆಯುವವರು ಈ ನೆಲಗಟ್ಟು ಹೋದದ್ದನ್ನು ಹೇಳುವುದಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೆನಿಸಿದ್ದ, 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ನಿಧನರಾದ ಸುಕ್ರಿ ಬೊಮ್ಮಗೌಡರ ಹಾಡಿಕೆಗೆ ಯಾವ ಪೆಟ್ಟಿಗೆಯೂ ಬೇಕಿರಲಿಲ್ಲ. ಇಂಥ ಗಾಯನದಲ್ಲಿ ಶ್ರುತಿವಾದ್ಯದ ಕೆಲಸವನ್ನು ಮೊದಲ ಸೊಲ್ಲೇ ಮಾಡುತ್ತದೆ. ಮೊದಲಾಕೆ ಎತ್ತರದಲ್ಲಿ ಎತ್ತಿದರೆ ಮುದುಕಿಯರು ಕೆಳಗಿನ ಸ್ಥಾಯಿಗೆ ಇಳಿದೋ ನಡುನಡುವೆ ಬಿಟ್ಟೋ ಹಾಡುತ್ತಾರೆ. ಎರಡು ನುಡಿಯಾದ ಮೇಲೆ ಇಡೀ ಗುಂಪು ತಾನಾಗಿ ಕೆಳಗೆ ಸರಿಯುವುದೂ ಉಂಟು. ಶಾಸ್ತ್ರೀಯ ಕಿವಿಗೆ ಇದು ಶ್ರುತಿ ಬಿಟ್ಟ ಹಾಡು. ಗುಂಪಿನ ಒಳಗಿಂದ ನೋಡಿದರೆ ಯಾರನ್ನೂ ಹೊರಗೆ ಬಿಡದೆ ಹಾಡು ಮುಗಿಸುವ ಉಪಾಯ. ಶಾಸ್ತ್ರೀಯ ಸಂಗೀತದಲ್ಲಿ ಗಂಡಸರು ಒಂದು ಎರಡು ಮನೆಯ ಸುತ್ತ, ಹೆಂಗಸರು ಐದು ಆರ ಸುತ್ತ ಹಾಡುವುದು ಸಾಮಾನ್ಯ. ಎರಡೂ ಕಡೆಯವರು ಕೂಡಿದ ಸಮೂಹಗಾನಕ್ಕೆ ಒಂದೇ ಶ್ರುತಿ ಇಟ್ಟು ಜನಪದ ಗೀತೆ ಹಾಡಿಸುವ ಶಾಲಾ ಕಾಲೇಜುಗಳ ಪದ್ಧತಿಯಲ್ಲಿ ತೊಂದರೆಪಡುವವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಡುಗಳ ಸಂಗ್ರಹಕಾರ್ಯದ ವಿಮರ್ಶೆಯನ್ನೂ ಇಲ್ಲಿಂದಲೇ ಮಾಡಬೇಕಾಗುತ್ತದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಪ್ರಕಟವಾದಾಗ ಹಾಡನ್ನು ಕಾವ್ಯವೆಂದು ಒಪ್ಪಿಸುವುದೇ ಮುಖ್ಯ ಕೆಲಸವಾಗಿತ್ತು. ಶ್ರುತಿಯನ್ನು ಗುರುತಿಸುವ ಸಾಧನಗಳೂ ಅವರ ಬಳಿ ಇರಲಿಲ್ಲ. ಆ ತಲೆಮಾರಿನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಧ್ವನಿಮುದ್ರಕ ಬಂದ ಮೇಲೂ ಅದೇ ಪದ್ಧತಿ ಮುಂದುವರಿದದ್ದು ಬೇರೆ ಮಾತು. ಅಲನ್ ಡಂಡಿಸ್ 1964ರಲ್ಲಿಯೇ ಪಠ್ಯ, ವಿನ್ಯಾಸ, ಸಂದರ್ಭ ಎಂಬ ಮೂರು ನೆಲೆಗಳನ್ನು ಗುರುತಿಸಿದ್ದ. ಕನ್ನಡದ ಜಾನಪದ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಅವನ ಹೆಸರು ತಪ್ಪದೆ ಬರುತ್ತದೆ. ಅನುಬಂಧದಲ್ಲಿ ಮಾತ್ರ ಮತ್ತೆ ಪಠ್ಯವೊಂದೇ ಉಳಿಯುತ್ತದೆ. ಹಾಡಿದವರ ಹೆಸರು, ವಯಸ್ಸು, ಜಾತಿ, ಊರು, ಹಾಡಿದ ದಿನ ಇವಿಷ್ಟಕ್ಕೆ ಕಲಮುಗಳಿವೆ. ಶ್ರುತಿ ಯಾವುದು, ಅದನ್ನು ಕೊಟ್ಟವರು ಯಾರು, ಯಾವುದರಿಂದ ಕೊಟ್ಟರು, ಹಾಡು ಮುಗಿಯುವಾಗ ಎಲ್ಲಿತ್ತು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಲು ಇಂದು ಒಂದು ಮೊಬೈಲ್ ಫೋನು ಸಾಕು.

ಅದಕ್ಕಿಂತ ಮೊದಲು ಬಿಡಬೇಕಾದ ಅಭ್ಯಾಸವೊಂದಿದೆ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಲ್ಲಿ ಹಾಡಿನ ಮೊದಲ ನುಡಿಗೆ ಮುಂಚೆ ಅರ್ಧ ನಿಮಿಷದ ಗದ್ದಲವೊಂದು ಇರುತ್ತದೆ: ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ಮೆಲ್ಲಗೆ ಗುನುಗುತ್ತಾರೆ, ಬಿರಡೆ ಕಿರ್ರೆನ್ನುತ್ತದೆ, ‘ತುಸು ಇಳಿಸವ್ವಾ’ ಎಂದು ಹಿಂದಿನಿಂದ ಯಾರೋ ಅನ್ನುತ್ತಾರೆ, ಎತ್ತಿದ ಸೊಲ್ಲನ್ನು ಬಿಟ್ಟು ಮತ್ತೆ ಎತ್ತುತ್ತಾರೆ. ಪ್ರಸಾರಕ್ಕೆ, ಧ್ವನಿಸುರುಳಿಗೆ, ಸಂಗ್ರಹಾಲಯಕ್ಕೆ ಪ್ರತಿ ಸಿದ್ಧಪಡಿಸುವಾಗ ಮೊದಲು ಕತ್ತರಿಸುವುದು ಈ ಭಾಗವನ್ನೇ.